ಮನಸ್ಸು ಭಾರವಾದ ದಿನ ಮನೆಯಲ್ಲೇ ಬ್ರೆಡ್: ಡಬ್ಬಿ ತುಂಬುವುದರಿಂದ ಹೋಳು ಮಾಡುವವರೆಗೆ

"ಮನಸ್ಸು ಸರಿ ಇರಲಿಲ್ಲ, ಬ್ರೆಡ್ ಮಾಡೋಣ ಅಂತ ಹೊರಟೆ. ಇಟ್ಟಿಗೆ ಥರ ಆಯ್ತು. ಅಳು ಇನ್ನೂ ಜಾಸ್ತಿ ಆಯ್ತು." ಈ ಮಾತನ್ನು ಬೇರೆ ಬೇರೆಯವರ ಬಾಯಿಂದ ಬಹಳ ಸಲ ಕೇಳಿದ್ದೇನೆ. ಅವರೆಲ್ಲ ಚಪಾತಿ, ಹೋಳಿಗೆ ಚೆನ್ನಾಗಿ ಮಾಡುವವರೇ. ಕೈಗೆ ಹಿಟ್ಟು ಹೊಸದಲ್ಲ. ಹಾಗಾದರೆ ಎಲ್ಲಿ ತಪ್ಪುತ್ತಿದೆ?

ವಿಚಾರಿಸುತ್ತಾ ಹೋದರೆ ಹೆಚ್ಚಾಗಿ ಒಂದೇ ಉತ್ತರ. ನೀರು ಅಳೆದಿರುವುದಿಲ್ಲ. ಬಿಸಿ ಎಷ್ಟಿದೆ ಅಂತ ನೋಡಿರುವುದಿಲ್ಲ. ಹಿಟ್ಟು ಉಬ್ಬುವ ಮೊದಲೇ ಓವನ್‌ಗೆ ಇಟ್ಟಿರುತ್ತಾರೆ. ಮನಸ್ಸು ಕಲಕಿದಾಗ ತಲೆಯಲ್ಲಿ ಲೆಕ್ಕ ನಿಲ್ಲುವುದಿಲ್ಲ, ಕಾಯುವುದೂ ಆಗುವುದಿಲ್ಲ. ಬ್ರೆಡ್ ಕೇಳುವುದು ಅವೆರಡನ್ನೇ. ಅದಕ್ಕೇ ಇಲ್ಲಿ ಕೆಲಸವನ್ನು ಎರಡು ಪಾಲು ಮಾಡಿದ್ದೇನೆ. ಲೆಕ್ಕದ ಕೆಲಸವೆಲ್ಲ ಮನಸ್ಸು ಚೆನ್ನಾಗಿರುವ ದಿನಕ್ಕೆ. ಕೆಟ್ಟ ದಿನಕ್ಕೆ ಕೈಕೆಲಸ ಮತ್ತು ಕಾಯುವುದು ಮಾತ್ರ.

## ಮೊದಲು ಒಂದು ಪ್ರಶ್ನೆ: ಇವತ್ತು ಮಾಡಬೇಕಾ?

ಕೈ ನಡುಗುತ್ತಿದ್ದರೆ, ಎರಡು ರಾತ್ರಿ ನಿದ್ದೆ ಇಲ್ಲದಿದ್ದರೆ, ಕುಡಿದಿದ್ದರೆ ಬೇಡ. 200 ಡಿಗ್ರಿ ಓವನ್ ಹತ್ತಿರ ಹೋಗುವ ಹೊತ್ತಲ್ಲ ಅದು. ಮಲಗಿ, ಅಥವಾ ಯಾರನ್ನಾದರೂ ಹತ್ತಿರ ಕೂರಿಸಿಕೊಳ್ಳಿ.

ಇನ್ನೊಂದು ಮಾತು. ಊಟವೇ ನಿಮ್ಮ ನೋವಿನ ಜಾಗವಾಗಿದ್ದರೆ, ಅಂದರೆ ಬೇಜಾರಾದಾಗ ಹಿಡಿತವಿಲ್ಲದೆ ತಿನ್ನುವುದು ಅಥವಾ ತಿನ್ನುವುದನ್ನೇ ಬಿಡುವುದು ಇದ್ದರೆ, ಈ ದಾರಿ ನಿಮಗೆ ಬೇಡ. ಕೈಗೆ ಕೆಲಸ ಕೊಡಲು ಗಿಡ, ಹೊಲಿಗೆ, ಜೇಡಿಮಣ್ಣು ಏನಾದರೂ ಆಗುತ್ತದೆ.

ಮನೆಗೆ ನೆಂಟರು ಬರುವ ದಿನವೂ ಬೇಡ. ಇಷ್ಟು ಹೊತ್ತಿಗೆ ಬ್ರೆಡ್ ತಯಾರಿರಲೇಬೇಕು ಎಂಬ ಒತ್ತಡ ಬಂದರೆ ಇದರ ಉಪಯೋಗವೇ ಹೋಯಿತು. ಮುಂದೆ ನಾಲ್ಕು ಗಂಟೆ ಬಿಡುವಿದೆಯಾ ಅಂತ ನೋಡಿಕೊಂಡು ಶುರು ಮಾಡಿ.

## ಬೇಕಾದ ಸಾಮಾನು

ಡಿಜಿಟಲ್ ತೂಕದ ಯಂತ್ರ ಬೇಕೇ ಬೇಕು. ಲೋಟದ ಅಳತೆ ನಂಬಬೇಡಿ. ಒಂದೇ ಲೋಟದಲ್ಲಿ ಮೈದಾವನ್ನು ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು. ಸುಮಾರು 9 ಇಂಚು ಉದ್ದದ ಬ್ರೆಡ್ ಟಿನ್, ಅಗಲ ಬಾಯಿಯ ಪಾತ್ರೆ, ಒಂದು ಒದ್ದೆ ಬಟ್ಟೆ, ಓಟಿಜಿ (ಮೇಲೆ, ಕೆಳಗೆ ಕಾಯುವ ರಾಡ್ ಇರುವ ಸಣ್ಣ ಕರೆಂಟ್ ಓವನ್) ಅಥವಾ ಕನ್ವೆಕ್ಷನ್ ಓವನ್ ಬೇಕು. ಬಿಸಿ ಟಿನ್ ಹಿಡಿಯಲು ಓವನ್ ಗ್ಲೌಸ್ ಇರಲಿ. ತೆಳ್ಳಗಿನ ಮಸಿಬಟ್ಟೆ ಸಾಲದು.

ಒಂದು ಬ್ರೆಡ್‌ಗೆ ಅಳತೆ:

- ಮೈದಾ 400 ಗ್ರಾಂ
- ನೀರು 250 ಗ್ರಾಂ (ನೀರನ್ನೂ ತೂಗಿ)
- ಇನ್‌ಸ್ಟಂಟ್ ಯೀಸ್ಟ್ 4 ಗ್ರಾಂ, ಸುಮಾರು ಒಂದೂಕಾಲು ಟೀ ಚಮಚ
- ಉಪ್ಪು 8 ಗ್ರಾಂ
- ಸಕ್ಕರೆ 15 ಗ್ರಾಂ
- ಎಣ್ಣೆ 20 ಗ್ರಾಂ

ಮೈದಾ ಪ್ಯಾಕೆಟ್ ಹಿಂದೆ ಪ್ರೊಟೀನ್ ಎಷ್ಟು ಅಂತ ಬರೆದಿರುತ್ತದೆ. 100 ಗ್ರಾಂಗೆ 10 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇರುವುದನ್ನೇ ತನ್ನಿ. ಹಿಟ್ಟಿಗೆ ಎಳೆತ ಕೊಡುವ ಗ್ಲುಟೆನ್ ಆಗುವುದು ಆ ಪ್ರೊಟೀನ್‌ನಿಂದ. ಗೋಧಿ ಹಿಟ್ಟು ಹಾಕುವ ಆಸೆ ಇದ್ದರೆ ಮೊದಲ ನಾಲ್ಕೈದು ಸಲ ತಡೆಯಿರಿ. ಆಮೇಲೆ ಅರ್ಧಕ್ಕೆ ಅರ್ಧ ಬೆರೆಸಿ, ನೀರು 20–30 ಗ್ರಾಂ ಹೆಚ್ಚಿಸಿ. ಪೂರ್ತಿ ಗೋಧಿಯಲ್ಲಿ ತೌಡು ಆ ಎಳೆಗಳನ್ನು ಕತ್ತರಿಸುತ್ತದೆ, ಬ್ರೆಡ್ ಕುಗ್ಗುತ್ತದೆ. ಮನಸ್ಸು ಕುಗ್ಗಿದ ದಿನ ಅದನ್ನೂ ನೋಡುವುದು ಬೇಡ.

## ಹಂತ 1: ಒಳ್ಳೆಯ ದಿನ ಡಬ್ಬಿ ತುಂಬಿಡಿ

ಇದನ್ನು ಬಿಟ್ಟರೆ ಮುಂದಿನದೆಲ್ಲ ಕಷ್ಟ. ಮನಸ್ಸು ಹಗುರಾಗಿರುವ ಭಾನುವಾರ ಮೂರು ಡಬ್ಬಿ ತೆಗೆದುಕೊಳ್ಳಿ. ಒಂದೊಂದರಲ್ಲೂ 400 ಗ್ರಾಂ ಮೈದಾ, 8 ಗ್ರಾಂ ಉಪ್ಪು, 15 ಗ್ರಾಂ ಸಕ್ಕರೆ ಹಾಕಿ ಕಲಕಿ ಮುಚ್ಚಿ. ಮೇಲೆ ಚೀಟಿ ಅಂಟಿಸಿ: "ನೀರು 250, ಯೀಸ್ಟ್ 4, ಎಣ್ಣೆ 20." ಯೀಸ್ಟನ್ನು ಡಬ್ಬಿಗೆ ಸೇರಿಸಬೇಡಿ. ಅದು ಗಾಳಿಯಾಡದ ಬಾಟಲಿಯಲ್ಲಿ ಫ್ರೀಜರ್‌ನಲ್ಲಿರಲಿ.

ಅದೇ ದಿನ ಯೀಸ್ಟ್ ಜೀವಂತ ಇದೆಯಾ ಅಂತ ನೋಡಿ. ಅರ್ಧ ಲೋಟ ಉಗುರು ಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಒಂದು ಚಮಚ ಯೀಸ್ಟ್ ಹಾಕಿ. ಹತ್ತು ನಿಮಿಷದಲ್ಲಿ ಮೇಲೆ ನೊರೆ ಕಟ್ಟಬೇಕು. ಕಟ್ಟದಿದ್ದರೆ ಆ ಪ್ಯಾಕೆಟ್ ಎಸೆದು ಹೊಸದು ತನ್ನಿ. ಅಳು ಬರುವ ಸಂಜೆ ಯೀಸ್ಟ್ ಸತ್ತಿದೆ ಅಂತ ಗೊತ್ತಾಗುವುದು ಬಹಳ ಸಂಕಟದ ಸಂಗತಿ. ನನಗೆ ಆಗಿದೆ.

## ಹಂತ 2: ನೀರಿನ ಬಿಸಿ ನೋಡಿ

ಕೆಟ್ಟ ದಿನ ಬಂತು. ಡಬ್ಬಿ ತೆಗೆಯಿರಿ. ಫೋನ್ ಬೇರೆ ಕೋಣೆಯಲ್ಲಿಡಿ.

ನೀರು ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿದರೆ ಬೆಚ್ಚಗೆ ಅನಿಸಬೇಕು, ಸುಡಬಾರದು. ಮಗುವಿಗೆ ಕೊಡುವ ಹಾಲಿನಷ್ಟು ಬಿಸಿ, ಅಂದರೆ 35–38 ಡಿಗ್ರಿ. 55–60 ಡಿಗ್ರಿ ದಾಟಿದರೆ ಯೀಸ್ಟ್ ಸಾಯುತ್ತದೆ. ಬೇಗ ಉಬ್ಬಲಿ ಅಂತ ಬಿಸಿ ನೀರು ಹಾಕುವುದೇ ಎಲ್ಲರೂ ಮಾಡುವ ಮೊದಲ ತಪ್ಪು. ಬೇಸಿಗೆಯಲ್ಲಿ ನಲ್ಲಿ ನೀರೇ ಸಾಕು.

## ಹಂತ 3: ಕಲಸಿ, 20 ನಿಮಿಷ ಬಿಡಿ

ಡಬ್ಬಿಯ ಹಿಟ್ಟಿಗೆ ಯೀಸ್ಟ್ ಬೆರೆಸಿ, ನೀರು ಸುರಿದು, ಒಣ ಹಿಟ್ಟು ಉಳಿಯದಂತೆ ಕಲಸಿ. ಸುಮ್ನೆ ಕಲಸಿದರೆ ಸಾಕು, ಈಗಲೇ ನಾದಬೇಡಿ. ಒದ್ದೆ ಬಟ್ಟೆ ಮುಚ್ಚಿ 20 ನಿಮಿಷ ಬಿಡಿ. ಹಿಟ್ಟು ನೀರು ಕುಡಿಯುತ್ತದೆ, ನಾದುವ ಕೆಲಸ ಅರ್ಧ ಕಮ್ಮಿಯಾಗುತ್ತದೆ. ನೀವು ಅಷ್ಟು ಹೊತ್ತು ಕಿಟಕಿ ಹತ್ತಿರ ಕೂತಿರಿ.

## ಹಂತ 4: ನಾದುವುದು

ಎಣ್ಣೆ ಹಾಕಿ, ಹಿಟ್ಟನ್ನು ಅಡುಗೆ ಕಟ್ಟೆಗೆ ತನ್ನಿ. ಅಂಗೈ ಬುಡದಿಂದ ಮುಂದಕ್ಕೆ ತಳ್ಳಿ, ಮಡಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ತಳ್ಳಿ. ಹತ್ತರಿಂದ ಹನ್ನೆರಡು ನಿಮಿಷ.

ಮೊದಲ ಐದು ನಿಮಿಷ ಅಂಟುತ್ತದೆ. ನಮ್ಮ ಕೈಗೆ ಚಪಾತಿ ಹಿಟ್ಟಿನ ಹದ ಗೊತ್ತು. ಅಂಟಿದ ತಕ್ಷಣ ಒಣ ಹಿಟ್ಟು ಉದುರಿಸುತ್ತೇವೆ. ಅಲ್ಲಿಗೆ ಬ್ರೆಡ್ ಗಟ್ಟಿಯಾಯಿತು. ಬ್ರೆಡ್ ಹಿಟ್ಟು ಚಪಾತಿ ಹಿಟ್ಟಿಗಿಂತ ಮೆತ್ತಗೆ, ಹೋಳಿಗೆ ಕಣಕಕ್ಕಿಂತ ಸ್ವಲ್ಪ ಗಟ್ಟಿ ಇರಬೇಕು. ಅಂಟಿದರೆ ಬೆರಳಿಗೆ ಎಣ್ಣೆ ಹಚ್ಚಿಕೊಳ್ಳಿ. ಹಿಟ್ಟಿನ ಡಬ್ಬಿಯ ಕಡೆ ಕೈ ಚಾಚಬೇಡಿ.

ಸಿಟ್ಟು ಬಂದಾಗ ಹಿಟ್ಟನ್ನು ಗುದ್ದಿ ಅಂತ ಬಹಳ ಜನ ಸಲಹೆ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಸಿಟ್ಟು ಬರಿಸಿದವರ ಮುಖ ನೆನೆಯುತ್ತಾ ಗುದ್ದಿದರೆ ಸಿಟ್ಟು ಇಳಿಯುವುದಿಲ್ಲ, ಇನ್ನಷ್ಟು ಏರುತ್ತದೆ. ಬದಲಿಗೆ ಎಣಿಸಿ. ಇಪ್ಪತ್ತೈದು ಸಲ ತಳ್ಳಿ, ನಿಲ್ಲಿಸಿ, ಉಸಿರು ಬಿಡಿ. ಮತ್ತೆ ಇಪ್ಪತ್ತೈದು. ತಳ್ಳುವಾಗ ಉಸಿರು ಹೊರಗೆ, ಮಡಚುವಾಗ ಒಳಗೆ. ಆರೇಳು ಸುತ್ತು ಆಗುವಷ್ಟರಲ್ಲಿ ಭುಜ ಕೆಳಗಿಳಿದಿರುತ್ತದೆ.

ಆತಂಕದ ದಿನ ಎಣಿಕೆಯೂ ತಪ್ಪುತ್ತದೆ. ಆಗ ಕೈಗೆ ಏನು ಗೊತ್ತಾಗುತ್ತಿದೆ ಅಂತ ಮೆಲ್ಲಗೆ ಹೇಳಿಕೊಳ್ಳಿ. "ತಣ್ಣಗಿದೆ. ತರಿತರಿ ಇದೆ. ಈಗ ನುಣುಪಾಯ್ತು." ಮನಸ್ಸು ನಾಳೆಗೆ ಓಡಿದರೆ ಮತ್ತೆ ಅಂಗೈಗೆ ಕರೆತನ್ನಿ. ದುಃಖದ ದಿನ ನಿಧಾನಕ್ಕೆ ನಾದಿ, ಹದಿನೈದು ನಿಮಿಷ ಆದರೂ ಆಗಲಿ. ಅಳು ಬಂದರೆ ತಡೆಯಬೇಡಿ. ಅಮ್ಮ ಹೋದ ವರ್ಷ ನಾನು ಜನರ ಮುಂದೆ ಅತ್ತಿದ್ದು ಕಮ್ಮಿ, ಈ ಕಟ್ಟೆಯ ಮುಂದೆ ಅತ್ತಿದ್ದೇ ಜಾಸ್ತಿ.

ಸಾಕಾಯಿತಾ ಅಂತ ತಿಳಿಯಲು ನಿಂಬೆಹಣ್ಣಿನಷ್ಟು ಹಿಟ್ಟು ತೆಗೆದು ಎರಡೂ ಕೈಯಿಂದ ಮೆಲ್ಲಗೆ ಎಳೆಯಿರಿ. ಬೆಳಕು ಕಾಣುವಷ್ಟು ತೆಳ್ಳಗೆ, ಹರಿಯದೆ ಬಂದರೆ ಆಯಿತು. ಬೇಗ ಹರಿದರೆ ಇನ್ನೂ ಮೂರು ನಿಮಿಷ ನಾದಿ. ಈ ಪರೀಕ್ಷೆಯನ್ನು ಬಿಡಬೇಡಿ. ನಾವು ಸುಸ್ತಾಗಿದ್ದೇವೆ ಎಂದ ಮಾತ್ರಕ್ಕೆ ಹಿಟ್ಟಿನ ಕೆಲಸ ಮುಗಿದಿರುವುದಿಲ್ಲ.

## ಹಂತ 5: ಮೊದಲ ಉಬ್ಬು

ಪಾತ್ರೆಗೆ ಎಣ್ಣೆ ಸವರಿ, ಹಿಟ್ಟನ್ನು ಉಂಡೆ ಮಾಡಿ ಇಟ್ಟು, ಮುಚ್ಚಿ. ಎರಡು ಪಟ್ಟು ಆಗಬೇಕು. ಗಡಿಯಾರಕ್ಕಿಂತ ಪಾತ್ರೆಯನ್ನು ನಂಬಿ. ಬೆಂಗಳೂರಿನ ಏಪ್ರಿಲ್‌ನಲ್ಲಿ ಒಂದು ಗಂಟೆ ಸಾಕು, ಡಿಸೆಂಬರ್‌ನಲ್ಲಿ ಒಂದೂವರೆ ಗಂಟೆ ದಾಟಬಹುದು. ಮಂಗಳೂರು, ಕಾರವಾರದ ಸೆಖೆಯಲ್ಲಿ ಮುಕ್ಕಾಲು ಗಂಟೆಗೇ ಆಗಿಬಿಡುತ್ತದೆ. ಇಡ್ಲಿ ಹಿಟ್ಟು ನಿಮ್ಮ ಮನೆಯಲ್ಲಿ ಎಷ್ಟು ಬೇಗ ಉಬ್ಬುತ್ತದೆ ಅಂತ ನಿಮಗೆ ಗೊತ್ತಲ್ವಾ? ಅದೇ ಅಂದಾಜು ಇಲ್ಲೂ ನಡೆಯುತ್ತದೆ. ಚಳಿ ಇದ್ದರೆ ಆರಿಸಿದ ಓವನ್ ಒಳಗೆ, ಒಂದು ಲೋಟ ಬಿಸಿ ನೀರಿನ ಪಕ್ಕ ಇಡಿ.

ಜನ ಸೋಲುವುದು ಈ ಒಂದು ಗಂಟೆಯಲ್ಲಿ. ನಾದುವಾಗ ಕೈಗೆ ಕೆಲಸವಿತ್ತು. ಈಗ ಇಲ್ಲ. ಬಿಟ್ಟುಬಂದ ಯೋಚನೆಯೆಲ್ಲ ಒಟ್ಟಿಗೆ ಬರುತ್ತದೆ. ಐದೈದು ನಿಮಿಷಕ್ಕೆ ಮುಚ್ಚಳ ತೆಗೆದು ನೋಡುತ್ತಾರೆ, ಅಥವಾ ಫೋನ್ ಹಿಡಿದು ಜಗಳವಾಡಿದವರಿಗೇ ಮೆಸೇಜ್ ಮಾಡುತ್ತಾರೆ. ಇಲ್ಲವೇ "ಸಾಕು ಬಿಡು" ಅಂತ ಅರ್ಧ ಉಬ್ಬಿದ್ದನ್ನೇ ಬೇಯಿಸುತ್ತಾರೆ.

ಅದಕ್ಕೇ ಈ ಗಂಟೆಗೆ ಮೊದಲೇ ಒಂದು ಕ್ರಮ ಇಟ್ಟುಕೊಳ್ಳಿ. ಅಲಾರಂ ಇಡಿ. ಮೊದಲು ಕಟ್ಟೆ ಒರೆಸಿ, ಪಾತ್ರೆ ತೊಳೆಯಿರಿ. ಹದಿನೈದು ನಿಮಿಷ ಹೋಯಿತು. ಆಮೇಲೆ ಒಂದು ಹಾಳೆ ತೆಗೆದು ಏನು ನೋಯುತ್ತಿದೆ ಅಂತ ಬರೆಯಿರಿ. ಯಾರಿಗೂ ತೋರಿಸಬೇಕಾಗಿಲ್ಲ, ವ್ಯಾಕರಣ ಬೇಕಾಗಿಲ್ಲ. ಬರೆಯಲು ಆಗದಿದ್ದರೆ ಮಹಡಿಗೆ ಹೋಗಿ ನಿಂತು ಬನ್ನಿ. ಕೊನೆಗೆ ಸುಮ್ನೆ ಮಲಗಿ, ನಿದ್ದೆ ಬಂದರೂ ಪರವಾಗಿಲ್ಲ, ಅಲಾರಂ ಇದೆ. ಅಲಾರಂ ಆಗುವವರೆಗೆ ಯಾವ ತೀರ್ಮಾನವೂ ಬೇಡ, ಯಾರಿಗೂ ಉತ್ತರ ಬೇಡ. ಈ ಗಂಟೆ ಸುಲಭ ಅಂತ ನಾನು ಹೇಳಲಾರೆ. ಆದರೆ ಮುಗಿದಾಗ ಮುಚ್ಚಳ ತೆಗೆದರೆ, ನಾವು ಏನೂ ಮಾಡದೆ ಇದ್ದಾಗಲೂ ಹಿಟ್ಟು ಎರಡು ಪಟ್ಟು ಆಗಿರುತ್ತದೆ. ಅದನ್ನು ಕಣ್ಣಿಂದ ನೋಡುವುದಕ್ಕಾದರೂ ಕಾಯಿರಿ.

ಎಚ್ಚರಿಕೆಯ ಗುರುತು: ಮೇಲ್ಭಾಗ ಕುಸಿದು ಗುಳಿ ಬಿದ್ದಿದ್ದರೆ, ಹೆಂಡದಂಥ ವಾಸನೆ ಬಂದರೆ, ಜಾಸ್ತಿ ಹೊತ್ತಾಯಿತು ಎಂದರ್ಥ. ಎಸೆಯಬೇಡಿ. ಚಪ್ಪಟೆ ತಟ್ಟಿ, ಬೆಳ್ಳುಳ್ಳಿ ಎಣ್ಣೆ ಸವರಿ, ಹೆಂಚಿನ ಮೇಲೆ ರೊಟ್ಟಿಯಂತೆ ಬೇಯಿಸಿ ತಿನ್ನಿ.

## ಹಂತ 6: ಆಕಾರ

ಹಿಟ್ಟನ್ನು ಮೆಲ್ಲಗೆ ಒತ್ತಿ ಗಾಳಿ ತೆಗೆಯಿರಿ. ಟಿನ್‌ನಷ್ಟೇ ಅಗಲದ ಚೌಕ ತಟ್ಟಿ, ಚಾಪೆ ಸುತ್ತಿದಂತೆ ಬಿಗಿಯಾಗಿ ಸುತ್ತಿ. ಅಂಚನ್ನು ಚಿವುಟಿ ಮುಚ್ಚಿ. ಮುಚ್ಚಿದ ಭಾಗ ಕೆಳಗೆ ಬರುವಂತೆ, ಎಣ್ಣೆ ಹಚ್ಚಿದ ಟಿನ್‌ನಲ್ಲಿಡಿ. ಸಡಿಲವಾಗಿ ಸುತ್ತಿದರೆ ಒಳಗೆ ದೊಡ್ಡ ತೂತು ಬೀಳುತ್ತದೆ.

ಇದೇ ಹಿಟ್ಟಿನಲ್ಲಿ ಖಾರಾ ಬನ್ ಕೂಡ ಆಗುತ್ತದೆ. ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸು, ಸಬ್ಬಸಿಗೆ ಸೊಪ್ಪನ್ನು ಸ್ವಲ್ಪ ಬಾಡಿಸಿ, ಪೂರ್ತಿ ಆರಿಸಿ, ಈಗ ಸೇರಿಸಿ. ಹಸಿಯಾಗಿ ಹಾಕಿದರೆ ಈರುಳ್ಳಿ ನೀರು ಬಿಟ್ಟು ಹಿಟ್ಟು ಜಾರುತ್ತದೆ. ಹತ್ತು ಬನ್ ಮಾಡಿ, 190 ಡಿಗ್ರಿಯಲ್ಲಿ 15–18 ನಿಮಿಷ ಬೇಯಿಸಿ. ತುಂಬಿದ ಮನೆಯಲ್ಲಿ ಅಳಲು ಒಂದು ಮೂಲೆ ಸಿಗದವರಿಗೆ ನಾನು ಖಾರಾ ಬನ್ನನ್ನೇ ಹೇಳುತ್ತೇನೆ. ಈರುಳ್ಳಿ ಹೆಚ್ಚುವವರ ಕಣ್ಣಲ್ಲಿ ನೀರು ಯಾಕೆ ಅಂತ ಯಾರೂ ಕೇಳುವುದಿಲ್ಲ.

## ಹಂತ 7: ಎರಡನೇ ಉಬ್ಬು

ಟಿನ್ ಮುಚ್ಚಿ 30–45 ನಿಮಿಷ ಬಿಡಿ. ಹಿಟ್ಟು ಟಿನ್ ಅಂಚಿಗಿಂತ ಒಂದು ಬೆರಳು ಮೇಲೆ ಬರಬೇಕು. ಬೆರಳಿಗೆ ಹಿಟ್ಟು ಸವರಿಕೊಂಡು ಮೆಲ್ಲಗೆ ಒತ್ತಿ. ಗುಳಿ ತಕ್ಷಣ ತುಂಬಿಕೊಂಡರೆ ಇನ್ನೂ ಕಾಯಿರಿ. ನಿಧಾನವಾಗಿ, ಅರ್ಧ ತುಂಬಿದರೆ ಸರಿಯಾದ ಹೊತ್ತು. ತುಂಬದೇ ಹಾಗೇ ಉಳಿದರೆ ತಡವಾಗುತ್ತಿದೆ, ಬೇಗ ಓವನ್‌ಗೆ ಇಡಿ. ಇದಕ್ಕಾಗಿ ಓವನ್ನನ್ನು 15–20 ನಿಮಿಷ ಮೊದಲೇ 200 ಡಿಗ್ರಿಗೆ ಹಾಕಿರಬೇಕು.

## ಹಂತ 8: ಬೇಯಿಸುವುದು

ಓಟಿಜಿಯಲ್ಲಿ ಮೇಲಿನ, ಕೆಳಗಿನ ಎರಡೂ ರಾಡ್ ಹಾಕಿ. ಟಿನ್ ಕೆಳಗಿನ ಸಾಲಿನಲ್ಲಿರಲಿ. 30–35 ನಿಮಿಷ. ಮೊದಲ 20 ನಿಮಿಷ ಬಾಗಿಲು ತೆಗೆಯಬೇಡಿ. ಮೇಲೆ ಬೇಗ ಕಂದಾದರೆ, 20 ನಿಮಿಷ ಕಳೆದ ಮೇಲೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ.

ಬೆಂದಿದೆಯಾ ಅಂತ ನೋಡಲು ಟಿನ್‌ನಿಂದ ತೆಗೆದು ಬುಡವನ್ನು ಬೆರಳಿಂದ ತಟ್ಟಿ. ಟೊಳ್ಳು ಶಬ್ದ ಬರಬೇಕು. ಅಡುಗೆ ಥರ್ಮಾಮೀಟರ್ ಇದ್ದರೆ ಒಳಗೆ 90–95 ಡಿಗ್ರಿ ತೋರಿಸಬೇಕು. ಪ್ರತಿ ಸಲವೂ ಹಸಿ ಉಳಿಯುತ್ತಿದ್ದರೆ ತಪ್ಪು ನಿಮ್ಮದಲ್ಲದಿರಬಹುದು. ಗುಂಡಿ 200 ತೋರಿಸಿದರೂ ಒಳಗೆ ಅಷ್ಟು ಬಿಸಿ ಇರದ ಓಟಿಜಿಗಳು ಬಹಳ ಇವೆ. ಒಳಗೆ ಇಡುವ ಓವನ್ ಥರ್ಮಾಮೀಟರ್ ಒಂದನ್ನು ತಂದು ಪರೀಕ್ಷಿಸಿ.

## ಹಂತ 9: ತಣಿಸುವುದು

ಟಿನ್‌ನಿಂದ ತೆಗೆದು ಜಾಲರಿ ಮೇಲೆ ಇಡಿ, ಒಂದು ಗಂಟೆ. ಬಿಸಿ ಇರುವಾಗಲೇ ಕೊಯ್ದರೆ ಒಳಗೆ ಅಂಟಂಟಾಗಿ, ಬೆಂದಿಲ್ಲವೇನೋ ಅನಿಸುತ್ತದೆ. ಎಷ್ಟೋ ಜನ ಹಾಳಾಯಿತು ಅಂತ ಎಸೆದ ಬ್ರೆಡ್‌ಗಳು ನಿಜಕ್ಕೂ ಸರಿಯಾಗಿಯೇ ಬೆಂದಿದ್ದವು. ವಾಸನೆ ಮನೆ ತುಂಬ ಇರುತ್ತದೆ, ತಡೆಯುವುದು ಕಷ್ಟ. ಕಾಫಿಗೆ ಡಿಕಾಕ್ಷನ್ ಹಾಕಿ ಕಾಯಿರಿ.

## ನಾದಲು ತ್ರಾಣವೇ ಇಲ್ಲದ ದಿನ

ಕೆಲವು ದಿನ ಕೈ ಎತ್ತಲೂ ಆಗುವುದಿಲ್ಲ. ಅಂಥ ದಿನಕ್ಕೆ ಬೇರೆ ದಾರಿ. ಅದೇ ಡಬ್ಬಿಯ ಹಿಟ್ಟು, ನೀರು 300 ಗ್ರಾಂ, ಯೀಸ್ಟ್ ಕಾಲು ಟೀ ಚಮಚ ಮಾತ್ರ. ಎಣ್ಣೆ ಬೇಡ. ರಾತ್ರಿ ಚಮಚದಲ್ಲಿ ಒಂದು ನಿಮಿಷ ಕಲಸಿ ಮುಚ್ಚಿ ಮಲಗಿ. ದೋಸೆ ಹಿಟ್ಟು ಇಟ್ಟು ಮಲಗುವುದಿಲ್ಲವಾ, ಹಾಗೆ. ಚಳಿಯಲ್ಲಿ 12–14 ಗಂಟೆ, ಸೆಖೆಯಲ್ಲಿ ಏಳೆಂಟು ಗಂಟೆ. ನಾವು ನಾದದಿದ್ದರೂ ಅಷ್ಟು ಹೊತ್ತಿನಲ್ಲಿ ಗ್ಲುಟೆನ್ ತಾನೇ ಹೆಣೆದುಕೊಳ್ಳುತ್ತದೆ.

ಬೆಳಿಗ್ಗೆ ಮೇಲೆಲ್ಲ ಗುಳ್ಳೆ ಎದ್ದಿರುತ್ತದೆ. ಒದ್ದೆ ಕೈಯಿಂದ ನಾಲ್ಕು ಕಡೆಯಿಂದ ಮಡಚಿ, ಎಣ್ಣೆ ಹಚ್ಚಿದ ಟಿನ್‌ಗೆ ಹಾಕಿ, ಮುಕ್ಕಾಲು ಗಂಟೆ ಬಿಟ್ಟು 220 ಡಿಗ್ರಿಯಲ್ಲಿ 35–40 ನಿಮಿಷ ಬೇಯಿಸಿ. ಅಂಗಡಿ ಬ್ರೆಡ್‌ನಷ್ಟು ಮೆತ್ತಗಿರುವುದಿಲ್ಲ. ಹೊರಗೆ ಗರಿಗರಿ, ಒಳಗೆ ಸ್ವಲ್ಪ ಜಗಿಯುವಂತೆ. ನನಗೆ ಇದೇ ಹೆಚ್ಚು ಇಷ್ಟ. ರಾತ್ರಿ ಏನೂ ಮಾಡಲಾಗದವರಿಗೆ ಬೆಳಿಗ್ಗೆ ಏಳಲು ಒಂದು ಕಾರಣ ಇದು ಕೊಡುತ್ತದೆ.

## ಹಾಳಾಗಿದ್ದರೆ ಎಲ್ಲಿ ಹುಡುಕಬೇಕು

ಉಬ್ಬಲೇ ಇಲ್ಲವಾದರೆ ನೀರು ಬಿಸಿಯಾಗಿತ್ತು ಅಥವಾ ಯೀಸ್ಟ್ ಹಳೆಯದು. ಉಬ್ಬಿತು, ಆದರೆ ಗಟ್ಟಿ ಅಂದರೆ ನಾದುವಾಗ ಒಣ ಹಿಟ್ಟು ಸೇರಿದೆ. ಓವನ್‌ನಲ್ಲಿ ಏರಿ ಮಧ್ಯ ಕುಸಿದರೆ ಎರಡನೇ ಉಬ್ಬು ಜಾಸ್ತಿಯಾಗಿದೆ. ಪಕ್ಕದಲ್ಲಿ ಸೀಳಿಕೊಂಡರೆ ಅದೇ ಉಬ್ಬು ಸಾಲದಾಗಿದೆ. ಸಪ್ಪೆಯಾಗಿ, ಬಹಳ ಬೇಗ ಉಬ್ಬಿದ್ದರೆ ಉಪ್ಪು ಮರೆತಿದ್ದೀರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ತಪ್ಪಿತ್ತು ಅಂತ ತಿಳಿಯುವುದೇ ಇಲ್ಲ.

ಬ್ರೆಡ್ ಕೆಟ್ಟರೆ "ನನ್ನ ಕೈಲಿ ಏನೂ ಆಗಲ್ಲ" ಅನಿಸುತ್ತದೆ. ಆಗ ಮೇಲಿನ ಸಾಲುಗಳನ್ನು ಓದಿ, ಕಾರಣ ಹುಡುಕಿ, ಚೀಟಿಯಲ್ಲಿ ಬರೆದಿಡಿ. ಒಣಗಿದ ಬ್ರೆಡ್ಡನ್ನು ಪುಡಿ ಮಾಡಿದರೆ ಕಟ್ಲೆಟ್‌ಗೆ ಆಗುತ್ತದೆ, ತುಂಡು ಮಾಡಿದರೆ ಒಗ್ಗರಣೆ ಹಾಕಿ ಉಪ್ಪಿಟ್ಟಿನಂತೆ ಮಾಡಬಹುದು.

## ಬ್ರೆಡ್ ಸಾಲದು ಎನ್ನುವ ಗುರುತುಗಳು

ಇದನ್ನು ದಯವಿಟ್ಟು ಹಾರಿಸಬೇಡಿ. ಎರಡು ವಾರಕ್ಕಿಂತ ಹೆಚ್ಚು ದಿನ, ಹೆಚ್ಚುಕಮ್ಮಿ ಪ್ರತಿದಿನವೂ ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ ಅಥವಾ ಹಸಿವು ಕೆಟ್ಟಿದ್ದರೆ, ಮೊದಲು ಖುಷಿ ಕೊಡುತ್ತಿದ್ದದ್ದು ಯಾವುದೂ ಬೇಡವಾಗಿದ್ದರೆ ವೈದ್ಯರ ಹತ್ತಿರ ಹೋಗಿ. ಬ್ರೆಡ್ ಮಾಡುವುದು ಮನುಷ್ಯರಿಂದ ತಪ್ಪಿಸಿಕೊಳ್ಳುವ ದಾರಿಯಾಗಿದ್ದರೆ, ಯಾರಾದರೂ ಮಾತಾಡಲು ಬಂದಾಗಲೆಲ್ಲ ನೀವು ಹಿಟ್ಟು ಕಲಸಲು ಏಳುತ್ತಿದ್ದರೆ, ಅದೂ ಒಂದು ಗುರುತು.

ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ. 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಇದಕ್ಕೆ ಮೇಲಿನ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಬದುಕುವುದೇ ಬೇಡ ಅನಿಸುತ್ತಿದ್ದರೆ ಹಿಟ್ಟು, ಓವನ್ ಎಲ್ಲ ಬಿಟ್ಟು ಮೊದಲು ಆ ಫೋನ್ ಮಾಡಿ. ಒಬ್ಬರೇ ಇರಬೇಡಿ, ಪಕ್ಕದ ಮನೆಯವರನ್ನಾದರೂ ಕರೆಯಿರಿ. ತಕ್ಷಣದ ಅಪಾಯವಿದ್ದರೆ 112.

## ಉಳಿದ ಬ್ರೆಡ್, ಖಾಲಿಯಾದ ಡಬ್ಬಿ

ಮನೆಯ ಬ್ರೆಡ್‌ಗೆ ಕೆಡದಂತೆ ಏನೂ ಹಾಕಿರುವುದಿಲ್ಲ. ಹೊರಗೆ ಎರಡು ದಿನ ಸರಿ, ಮಳೆಗಾಲದಲ್ಲಿ ಮೂರನೇ ದಿನಕ್ಕೆ ಬೂಷ್ಟು ಬರಬಹುದು. ಫ್ರಿಜ್‌ನಲ್ಲಿಟ್ಟರೆ ಬೇಗ ಬಿರುಸಾಗುತ್ತದೆ. ಹೋಳು ಮಾಡಿ ಫ್ರೀಜರ್‌ನಲ್ಲಿಡಿ, ಬೇಕಾದಾಗ ನೇರವಾಗಿ ಹೆಂಚಿನ ಮೇಲೆ ತುಪ್ಪ ಹಾಕಿ ಬಿಸಿ ಮಾಡಿ. ಒಬ್ಬರೇ ಇರುವವರು ಅರ್ಧ ಬ್ರೆಡ್ಡನ್ನು ಅವತ್ತೇ ಯಾರಿಗಾದರೂ ಕೊಟ್ಟು ಬನ್ನಿ. ಬಾಗಿಲಲ್ಲಿ ನಿಂತು ಎರಡು ಮಾತಾಡಿದಂತೆಯೂ ಆಗುತ್ತದೆ.

ಮನಸ್ಸು ಹಗುರಾದ ದಿನ ಖಾಲಿ ಡಬ್ಬಿಯನ್ನು ಮತ್ತೆ ತೂಗಿ ತುಂಬಿಡಿ. ಚೀಟಿಯಲ್ಲಿ ಅಳತೆಯ ಕೆಳಗೆ ತಿಂಗಳು, ಮೊದಲ ಉಬ್ಬಿಗೆ ಹಿಡಿದ ನಿಮಿಷ, ನಿಮ್ಮ ಓವನ್‌ಗೆ ಸರಿಹೋದ ಡಿಗ್ರಿ ಬರೆಯಿರಿ. ಮುಂದಿನ ಸಲ ಡಬ್ಬಿ ತೆಗೆಯುವಾಗ ಅದನ್ನೆಲ್ಲ ನೆನಪಿಸಿಕೊಳ್ಳುವ ಸ್ಥಿತಿಯಲ್ಲಿ ನೀವು ಇರದೇ ಇರಬಹುದು.